ಲಕ್ವಾ ಆಗಿ ಐದು ವಾರ: ಅವ್ವನನ್ನು ಅಡ್ಮಿಟ್ ಮಾಡಿಸಿ ಥೆರಪಿ ಕೊಡಿಸಬೇಕಾ, ಮನೆಯಲ್ಲೇ ಸಾಕಾ?

ಪ್ರಶ್ನೆ: ನಮ್ಮದು ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿ. ಅವ್ವನಿಗೆ 63 ವರ್ಷ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಐದು ವಾರದ ಹಿಂದೆ ಬಲಗಡೆ ಲಕ್ವಾ ಹೊಡೆಯಿತು, ಮಾತೂ ನಿಂತಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಮೂಗಿನ ಪೈಪು, ಮೂತ್ರದ ಪೈಪು ಇನ್ನೂ ಇವೆ. ಈಗ ಬೆನ್ನಿನ ಕೆಳಗೆ ಅಂಗೈಯಷ್ಟು ಹುಣ್ಣಾಗಿದೆ. ಬಲಗೈ ಮಡಚಿಕೊಂಡು ಬಿಗಿಯಾಗುತ್ತಿದೆ, ಭುಜ ಮುಟ್ಟಿದರೆ ಅಳುತ್ತಾಳೆ. ಫಿಸಿಯೋ ಹುಡುಗ ವಾರಕ್ಕೆ ಮೂರು ದಿನ ಬಂದು ಅರ್ಧ ಗಂಟೆ ಕೈಕಾಲು ಆಡಿಸಿ ಹೋಗುತ್ತಾನೆ. ನನ್ನ ತಮ್ಮ 'ಒಂದು ತಿಂಗಳು ಹುಬ್ಬಳ್ಳಿಯಲ್ಲಿ ಅಡ್ಮಿಟ್ ಮಾಡಿಸಿ ಥೆರಪಿ ಕೊಡಿಸೋಣ' ಅನ್ನುತ್ತಾನೆ. ಸೋದರಮಾವ 'ವ್ಯಾಯಾಮಕ್ಕೆ ಅಡ್ಮಿಟ್ ಆಗೋದು ಬರೀ ದುಡ್ಡು ಹೊಡೆಯೋ ದಾರಿ, ನಾಟಿ ಔಷಧಕ್ಕೆ ಹೋಗೋಣ' ಅನ್ನುತ್ತಾರೆ. ಅಲ್ಲಿ ಇಂಗ್ಲಿಷ್ ಗುಳಿಗೆ ನಿಲ್ಲಿಸಬೇಕಂತೆ. ಮನೆಯಲ್ಲಿ ನೋಡಿಕೊಳ್ಳೋದು ನನ್ನ ಹೆಂಡತಿ ಒಬ್ಬಳೇ. ಅವ್ವ ಮತ್ತೆ ನಡೀತಾಳಾ? ಅಡ್ಮಿಟ್ ಮಾಡಿಸಬೇಕಾ?

ಉತ್ತರ: ನೀವು ಕೇಳಿದ್ದು ಅಡ್ಮಿಷನ್ ಬಗ್ಗೆ. ಆದರೆ ನನ್ನ ಕಣ್ಣಿಗೆ ಮೊದಲು ಬಿದ್ದದ್ದು 'ಗುಳಿಗೆ ನಿಲ್ಲಿಸಬೇಕಂತೆ' ಅನ್ನುವ ಮಾತು. ಅದನ್ನು ಮೊದಲು ಮುಗಿಸಿಬಿಡೋಣ. ಯಾವ ಗುಳಿಗೆಯನ್ನೂ ನಿಲ್ಲಿಸಬೇಡಿ. ಒಮ್ಮೆ ಲಕ್ವಾ ಆದವರಿಗೆ ಎರಡನೇ ಸಲ ಆಗುವ ಭಯ ಮೊದಲ ಕೆಲವು ವಾರ, ತಿಂಗಳಲ್ಲೇ ಜಾಸ್ತಿ. ರಕ್ತ ಹೆಪ್ಪುಗಟ್ಟಿ ಆದದ್ದಾದರೆ ರಕ್ತ ತೆಳುವಾಗಿಡುವ ಗುಳಿಗೆ ಕೊಟ್ಟಿರುತ್ತಾರೆ. ರಕ್ತನಾಳ ಒಡೆದು ಆದದ್ದಾದರೆ ಸಾಮಾನ್ಯವಾಗಿ ಅದು ಇರುವುದಿಲ್ಲ. ನಿಮ್ಮ ಡಿಸ್ಚಾರ್ಜ್ ಸಮ್ಮರಿಯಲ್ಲಿ ಯಾವುದು ಅಂತ ಬರೆದಿದೆ, ನೋಡಿ. ಎರಡರಲ್ಲಿ ಯಾವುದೇ ಇರಲಿ, ಬಿಪಿ ಮತ್ತು ಸಕ್ಕರೆ ಗುಳಿಗೆ ಬಿಡುವಂತಿಲ್ಲ. ಬಿಗಿತಕ್ಕೆ ಬ್ಯಾಕ್ಲೋಫೆನ್ ಕೊಟ್ಟಿದ್ದರೆ ಅದನ್ನು ಒಮ್ಮೆಲೇ ನಿಲ್ಲಿಸುವುದು ಇನ್ನೂ ಅಪಾಯ, ಫಿಟ್ಸ್ ಬರಬಹುದು.

ನಿಮ್ಮ ಸೋದರಮಾವನ ಜೊತೆ ಜಗಳ ಬೇಡ. ಅವರು ಹೇಳುವುದರಲ್ಲಿ ಒಂದು ನಿಜ ಇದೆ: ನಾಟಿ ಔಷಧ ತೆಗೆದುಕೊಂಡು ಬಂದು ನಡೆದವರನ್ನು ಅವರು ಕಣ್ಣಾರೆ ನೋಡಿರುತ್ತಾರೆ. ಲಕ್ವಾ ಸಣ್ಣದಾಗಿದ್ದರೆ ಮೊದಲ ಮೂರು ತಿಂಗಳಲ್ಲಿ ಮೆದುಳು ತಾನಾಗಿಯೇ ಒಂದಿಷ್ಟು ಸುಧಾರಿಸಿಕೊಳ್ಳುತ್ತದೆ. ಜನ ಔಷಧಕ್ಕೆ ಹೋಗುವುದೂ ಅದೇ ಮೂರು ತಿಂಗಳಲ್ಲಿ. ಹಾಗಾಗಿ ಹೆಸರು ಔಷಧಕ್ಕೆ ಬರುತ್ತದೆ. ಹಗುರವಾಗಿ ಎಣ್ಣೆ ಸವರುವುದಕ್ಕೆ ನನ್ನ ತಕರಾರಿಲ್ಲ, ಹುಣ್ಣಿನ ಹತ್ತಿರ ಮಾತ್ರ ಬೇಡ. ಬಿಸಿ ಶಾಖ ಬೇಡವೇ ಬೇಡ. ಆ ಕಡೆಯ ಚರ್ಮಕ್ಕೆ ಬಿಸಿ ಗೊತ್ತಾಗದೆ ಬೊಬ್ಬೆ ಎದ್ದು ಬಂದವರನ್ನು ಪ್ರತಿ ಚಳಿಗಾಲ ನೋಡುತ್ತೇನೆ. ಪಾರಿವಾಳದ ರಕ್ತ ಹಚ್ಚುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಹುಣ್ಣಿರುವ ಮೈಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಒಳಗೇನಿದೆ ಅಂತ ಗೊತ್ತಿಲ್ಲದ ಪುಡಿಗಳೂ ಬೇಡ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಸಕ್ಕರೆ ಏರುತ್ತದೆ, ಹುಣ್ಣು ಮಾಯುವುದಿಲ್ಲ.

ಈಗ ಅಡ್ಮಿಷನ್ ವಿಷಯ.

'ವ್ಯಾಯಾಮಕ್ಕೆ ಯಾಕೆ ಅಡ್ಮಿಟ್?' ಅನ್ನುವುದು ನ್ಯಾಯವಾದ ಪ್ರಶ್ನೆ. ನಿಮ್ಮ ತಾಯಿಗೆ ಬರೀ ಬಲಗೈ, ಬಲಗಾಲು ಸೋತಿದ್ದು, ಎದ್ದು ಕೂರುತ್ತಾ, ಬಾಯಲ್ಲಿ ಉಣ್ಣುತ್ತಾ ಇದ್ದಿದ್ದರೆ ನಾನೇ ಅಡ್ಮಿಷನ್ ಬೇಡ ಅನ್ನುತ್ತಿದ್ದೆ. ಮನೆಯಲ್ಲಿ ಒಳ್ಳೆಯ ಫಿಸಿಯೋ, ಆಗಾಗ ಓಪಿಡಿ, ಅಷ್ಟು ಸಾಕು. ನಿಮ್ಮಲ್ಲಿ ಹಾಗಿಲ್ಲ. ನೀವು ಬರೆದ ತೊಂದರೆಗಳು ಒಂದಕ್ಕೊಂದು ಗಂಟು ಹಾಕಿಕೊಂಡಿವೆ, ನೋಡಿ. ಭುಜ ನೋಯುತ್ತದೆ ಅಂತ ಅವರು ಮಗ್ಗುಲಾಗಲು ಬಿಡುವುದಿಲ್ಲ. ಮಗ್ಗುಲಾಗದೆ ಬೆನ್ನ ಮೇಲೇ ಮಲಗಿದ್ದಕ್ಕೆ ಹುಣ್ಣಾಯಿತು. ಹುಣ್ಣಿದೆ ಅಂತ ಕೂರಿಸುತ್ತಿಲ್ಲ. ಕೂರದಿದ್ದರೆ ನುಂಗುವುದನ್ನು ಕಲಿಸಲಾಗುವುದಿಲ್ಲ, ಹಾಗಾಗಿ ಮೂಗಿನ ಪೈಪು ಹೋಗುವುದಿಲ್ಲ. ಪೈಪಿನಲ್ಲಿ ಹೋಗುವ ತೆಳು ಗಂಜಿಯಲ್ಲಿ ಹುಣ್ಣು ಮಾಯುವಷ್ಟು ಕಸುವಿಲ್ಲ. ಕಮೋಡ್ ಮೇಲೆ ಕೂರಲಾಗದ್ದಕ್ಕೆ ಮೂತ್ರದ ಪೈಪು ಉಳಿದಿದೆ. ಆ ಪೈಪು ದಿನ ಕಳೆದಂತೆ ಸೋಂಕು ತರುತ್ತದೆ. ಜ್ವರ ಬಂದ ದಿನ ಫಿಸಿಯೋ ಬಂದ್.

ವಾರಕ್ಕೆ ಮೂರು ಸಲ ಬರುವ ಹುಡುಗ ಅರ್ಧ ಗಂಟೆಯಲ್ಲಿ ಈ ಗಂಟು ಬಿಚ್ಚಲಾರ. ಅದು ಅವನ ತಪ್ಪೂ ಅಲ್ಲ. ಅಡ್ಮಿಟ್ ಮಾಡಿಕೊಳ್ಳುವುದು ಇದಕ್ಕೆ. ಡಾಕ್ಟರು, ನರ್ಸ್, ಫಿಸಿಯೋಥೆರಪಿಸ್ಟ್, ಕೈ ಮತ್ತು ದಿನದ ಕೆಲಸಗಳನ್ನು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್, ಮಾತು ಮತ್ತು ನುಂಗುವಿಕೆ ನೋಡುವ ಸ್ಪೀಚ್ ಥೆರಪಿಸ್ಟ್, ಡಯಟಿಷಿಯನ್ ಇಷ್ಟೂ ಜನ ಒಂದೇ ರೋಗಿಯನ್ನು ಒಂದೇ ವಾರದಲ್ಲಿ ನೋಡಿ, ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಅಡ್ಡ ಬಾರದಂತೆ ಮಾಡುವುದಕ್ಕೆ.

ಒಂದು ಉದಾಹರಣೆ ಕೊಡುತ್ತೇನೆ. ಮೂಗಿನ ಪೈಪಿನಲ್ಲಿ ಊಟ ಹಾಕುವಾಗ ತಲೆಯ ಕಡೆ ಕನಿಷ್ಠ 30 ಡಿಗ್ರಿ ಎತ್ತಿರಬೇಕು. ಹಾಕಿದ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೇ ಇರಬೇಕು, ಇಲ್ಲವಾದರೆ ಊಟ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆದರೆ ತಲೆ ಎತ್ತಿದರೆ ಮೈ ಕೆಳಕ್ಕೆ ಜಾರುತ್ತದೆ. ಜಾರುವಾಗ ಹುಣ್ಣಿನ ಜಾಗದ ಚರ್ಮ ತೀಡಿ ಹರಿಯುತ್ತದೆ. ಒಂದಕ್ಕೆ ಎತ್ತಬೇಕು, ಇನ್ನೊಂದಕ್ಕೆ ಎತ್ತಬಾರದು! ಇದಕ್ಕೆ ಉಪಾಯ ಇದೆ. ಮೊದಲು ಮೊಣಕಾಲಿನ ಕೆಳಗೆ ದಿಂಬು ಕೊಟ್ಟು ಕಾಲು ಮಡಿಸಿ, ಆಮೇಲೆ ತಲೆ ಎತ್ತಬೇಕು. ಮೈಯನ್ನು ಸ್ವಲ್ಪ ಓರೆ ಮಾಡಿ, ಭಾರ ಒಂದು ಕಡೆಯ ಪೃಷ್ಠಕ್ಕೆ ಬರುವಂತೆ ಮಾಡಬೇಕು. ಒಮ್ಮೆಲೇ ಜಾಸ್ತಿ ಹಾಕದೆ ಸ್ವಲ್ಪ ಸ್ವಲ್ಪವೇ ಹಲವು ಸಲ ಹಾಕಬೇಕು. ಇದನ್ನು ನಿಮಗೆ ಯಾರಾದರೂ ಹೇಳಿಕೊಟ್ಟಿದ್ದರಾ? ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಯಾರೂ ಹೇಳಿರುವುದಿಲ್ಲ.

ಹುಣ್ಣಿನ ಬಗ್ಗೆ ಇನ್ನೂ ಸ್ವಲ್ಪ. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹೋಗದೆ ಅದು ಸಾಯುತ್ತದೆ. ಹುಣ್ಣಾಗುವುದು ಹೀಗೆ. ಪೌಡರ್, ಅರಿಶಿಣ, ಪೆಟ್ರೋಲಿಯಂ ಜೆಲ್ಲಿ ಯಾವುದೂ ಒತ್ತಡ ತೆಗೆಯುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೊಡುವ ಗಾಳಿ ತುಂಬಿದ ರಿಂಗ್ ಹಾಕಿದ್ದರೆ ಇವತ್ತೇ ತೆಗೆಯಿರಿ. ಅದು ಹುಣ್ಣಿನ ಸುತ್ತ ಒತ್ತಿ, ಬರುವ ರಕ್ತವನ್ನೂ ತಡೆಯುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಬೇಡ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆ ಸಾಕು. ಹಿಮ್ಮಡಿ ಹಾಸಿಗೆಗೆ ತಾಕದಂತೆ ಮೀನಖಂಡದ ಕೆಳಗೆ ದಿಂಬಿಡಿ. ಹೊರಸಿನ ಮೇಲೆ ಮಲಗಿಸಿದ್ದರೆ ಬದಲಿಸಿ. ನಡುವೆ ಜೋತುಬಿದ್ದ ಹೊರಸಿನಲ್ಲಿ ಇಡೀ ಭಾರ ಅದೇ ಜಾಗಕ್ಕೆ ಬರುತ್ತದೆ. ಗಾಳಿ ಹಾಸಿಗೆ ತಂದಿದ್ದರೆ ಅದು ಕೆಲಸ ಮಾಡುತ್ತಿದೆಯಾ ಅಂತ ಹೀಗೆ ನೋಡಿ: ತಾಯಿ ಮಲಗಿರುವಾಗ ಸೊಂಟದ ನೇರಕ್ಕೆ ಗಾಳಿ ಹಾಸಿಗೆಯ ಅಡಿಗೆ ಅಂಗೈ ಮೇಲೆ ಮಾಡಿ ಕೈ ತೂರಿಸಿ. ನಿಮ್ಮ ಕೈಗೂ ಅವರ ಮೈಗೂ ನಡುವೆ ಒಂದು ಇಂಚಿನಷ್ಟಾದರೂ ಗಾಳಿ ಇರಬೇಕು. ಎಲುಬು ಕೈಗೆ ತಾಕಿದರೆ ಅವರು ಗಾಳಿಯ ಮೇಲಲ್ಲ, ಮಂಚದ ಮೇಲೇ ಮಲಗಿದ್ದಾರೆ ಅಂತ ಅರ್ಥ. ಗಾಳಿ ಹಾಸಿಗೆ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ಪಥ್ಯ ಅಂತ ಬೇಳೆ, ಮೊಟ್ಟೆ, ಮೊಸರು ಬಿಡಿಸಿದ್ದರೆ ಅದೂ ತಪ್ಪು. ಇಂಥ ಹುಣ್ಣಿರುವವರಿಗೆ ದಿನಕ್ಕೆ ಮೈತೂಕದ ಕೆಜಿಗೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕೆಜಿ ತೂಕದವರಿಗೆ 75ರಿಂದ 90 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 8 ಗ್ರಾಂ. ರವೆ ಗಂಜಿಯಲ್ಲಿ ಇದು ಹೊಂದುವುದಿಲ್ಲ ಅಲ್ವಾ? ಸಕ್ಕರೆ ಕಾಯಿಲೆ ಇರುವುದರಿಂದ ಮೊದಲು ಕಿಡ್ನಿ ಪರೀಕ್ಷೆ ಮಾಡಿಸಿ, ಎಷ್ಟು ಕೊಡಬಹುದು ಅಂತ ಡಾಕ್ಟರನ್ನು ಕೇಳಿ.

ಬಾಯಲ್ಲಿ ಊಟ ಯಾವಾಗ? ಇದು ಎಲ್ಲರಿಗೂ ಅವಸರದ ವಿಷಯ. ನೋಡಲು ಬಂದವರು 'ಒಂದು ಚಮಚ ನೀರಾದರೂ ಕುಡಿಸಿ' ಅನ್ನುತ್ತಾರೆ. ನುಂಗುವ ಶಕ್ತಿ ಸೋತವರಿಗೆ ಎಲ್ಲಕ್ಕಿಂತ ಅಪಾಯ ನೀರೇ. ಅದು ತೆಳು, ಗಂಟಲು ಎಚ್ಚೆತ್ತುಕೊಳ್ಳುವ ಮೊದಲೇ ಶ್ವಾಸನಾಳಕ್ಕೆ ಜಾರುತ್ತದೆ. ಸ್ಪೀಚ್ ಥೆರಪಿಸ್ಟ್ ಪರೀಕ್ಷೆ ಮಾಡುವುದನ್ನು ಒಮ್ಮೆ ನೀವು ನಿಂತು ನೋಡಬೇಕು. ರೋಗಿಯನ್ನು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿ, ಅರ್ಧ ಚಮಚ ಮಂದ ಗಂಜಿ ಕೊಡುತ್ತಾರೆ. ಗಂಟಲಿನ ಮುಂದಿನ ಉಬ್ಬು ಮೇಲೆದ್ದು ಇಳಿಯುತ್ತದಾ ಅಂತ ಬೆರಳಿಟ್ಟು ನೋಡುತ್ತಾರೆ. ಆಮೇಲೆ 'ಆ' ಅನ್ನಿಸುತ್ತಾರೆ. ದನಿ ಗೊರಗೊರ ಅಂದರೆ ಗಂಟಲಲ್ಲಿ ಏನೋ ಉಳಿದಿದೆ. ಬಾಯಿ ತೆರೆಸಿ ಸೋತ ಕೆನ್ನೆಯ ಒಳಗೆ ಊಟ ಸಿಕ್ಕಿಕೊಂಡಿದೆಯಾ ನೋಡುತ್ತಾರೆ. ಕೆಮ್ಮಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಕೆಲವರು ಕೆಮ್ಮುವುದೇ ಇಲ್ಲ, ಊಟ ಸದ್ದಿಲ್ಲದೆ ಒಳಗೆ ಹೋಗಿರುತ್ತದೆ. ಅಂಥವರಿಗೆ ಎರಡು ದಿನದ ಮೇಲೆ ನ್ಯುಮೋನಿಯಾ. ಅದಕ್ಕೇ ಮನೆಯಲ್ಲಿ ಪ್ರಯೋಗ ಬೇಡ ಅನ್ನುವುದು. ಪರೀಕ್ಷೆಯಲ್ಲಿ ಪಾಸಾದರೂ ನಮ್ಮ ಕಡೆಯ ನುಚ್ಚು-ಮಜ್ಜಿಗೆ ಕೊನೆಗೆ ಬರಲಿ. ತೆಳು ಮಜ್ಜಿಗೆಯಲ್ಲಿ ತೇಲುವ ನುಚ್ಚು, ಒಂದೇ ತುತ್ತಿನಲ್ಲಿ ಎರಡು ಥರದ ಊಟ. ಅದನ್ನು ಸಂಭಾಳಿಸುವುದು ಗಂಟಲಿಗೆ ಬಲು ಕಷ್ಟ. ನುಣ್ಣಗೆ ಕಲಸಿದ ಮೊಸರನ್ನ, ಮಂದ ಅಂಬಲಿಯಿಂದ ಶುರುಮಾಡುತ್ತಾರೆ.

ಭುಜದ ನೋವಿಗೆ ಮುಖ್ಯ ಕಾರಣ ಬಹುಶಃ ಎಳೆದಾಟ. ಸೋತ ಕೈಯ ಭುಜದ ಕೀಲನ್ನು ಹಿಡಿದಿಡಲು ಸ್ನಾಯುಗಳಿಗೆ ಬಲ ಇಲ್ಲ, ಕೀಲು ಕೆಳಕ್ಕೆ ಜಾರಿರುತ್ತದೆ. ಆಗ ರಟ್ಟೆ ಹಿಡಿದು ಎಬ್ಬಿಸಿದರೆ, ಕಂಕುಳಿಗೆ ಕೈ ಹಾಕಿ ಎತ್ತಿದರೆ ಒಳಗೆ ಗಾಯವಾಗುತ್ತದೆ. ಎಬ್ಬಿಸುವಾಗ ಬೆನ್ನಿನ ಹಿಂದೆ, ಭುಜದ ಹಲಗೆಯ ಮೇಲೆ ಕೈಯಿಡಿ. ಮಲಗಿದಾಗ, ಕೂತಾಗ ಆ ಕೈ ದಿಂಬಿನ ಮೇಲಿರಲಿ. ಬೆರಳು ಬಿಗಿದಿದೆ ಅಂತ ಚೆಂಡು ಹಿಸುಕಿಸುವುದು ನಿಲ್ಲಿಸಿ. ಮುಷ್ಟಿ ಬಿಗಿಯುವುದು ಅವರಿಗೆ ಈಗಾಗಲೇ ಜಾಸ್ತಿ ಬರುತ್ತಿದೆ, ಬಿಚ್ಚುವುದು ಬರುತ್ತಿಲ್ಲ. ಬಿಗಿತಕ್ಕೆ ಸ್ಪ್ಲಿಂಟ್ (ಕೈಯನ್ನು ಬಿಚ್ಚಿ ಹಿಡಿದಿಡುವ ಪಟ್ಟಿ), ಗುಳಿಗೆ, ಕೆಲವರಿಗೆ ಬಿಗಿದ ಸ್ನಾಯು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಇವೆ. ಇಂಜೆಕ್ಷನ್ ದುಬಾರಿ, ಅದರ ಪರಿಣಾಮ ಸುಮಾರು ಮೂರು ತಿಂಗಳು ಇರುತ್ತದೆ, ಜೊತೆಗೆ ಥೆರಪಿ ಇಲ್ಲದಿದ್ದರೆ ದುಡ್ಡು ದಂಡ. 'ಕರೆಂಟ್ ಕೊಟ್ಟರೆ ಸರಿಹೋಗುತ್ತದೆ' ಅನ್ನುವುದೂ ಅರ್ಧ ಸತ್ಯ. ಕೆಲವು ಕಡೆ ಅದು ಸಹಾಯ ಮಾಡುತ್ತದೆ. ಆದರೆ ರೋಗಿ ತಾನೇ ಪ್ರಯತ್ನ ಪಡದೆ ಬರೀ ಮಷೀನು ಕುಣಿಸಿದರೆ ಮೆದುಳು ಏನನ್ನೂ ಕಲಿಯುವುದಿಲ್ಲ.

'ಐದು ವಾರ ಆಯಿತು, ಸಮಯ ಮೀರಿತಾ?' ಅನ್ನುವ ಭಯ ನಿಮ್ಮ ತಮ್ಮನಿಗೆ ಇರಬಹುದು. ಮೀರಿಲ್ಲ. ಇದು ಎರೆ ಹೊಲದ ಹದ ಇದ್ದ ಹಾಗೆ: ಮಳೆ ನಿಂತ ಕೂಡಲೇ ಕುಂಟೆ ಹೊಡೆಯಲಾಗದು, ಬಿರುಕು ಬಿಟ್ಟ ಮೇಲೆ ಹೊಡೆದೂ ಉಪಯೋಗ ಕಮ್ಮಿ. ಲಕ್ವಾ ಆದ 24 ಗಂಟೆಯೊಳಗೇ ಎಬ್ಬಿಸಿ ಜಾಸ್ತಿ ಓಡಾಡಿಸಿದರೆ ಒಳ್ಳೆಯದಾಗುತ್ತದಾ ಅಂತ ಐದು ದೇಶಗಳ 2,104 ರೋಗಿಗಳ ಮೇಲೆ 'ಅವರ್ಟ್' ಅನ್ನುವ ಅಧ್ಯಯನ ನಡೆಯಿತು. 2015ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಅಂದುಕೊಂಡದ್ದಕ್ಕೆ ಉಲ್ಟಾ ಇತ್ತು. ಅಷ್ಟು ಅವಸರ ಮಾಡಿದವರಲ್ಲಿ ಚೆನ್ನಾಗಿ ಸುಧಾರಿಸಿದವರು ಕಮ್ಮಿ. ಹಾಗಾಗಿ ಮೊದಲ ದಿನವೇ ನಡೆಸಲಿಲ್ಲ ಅಂತ ಕೊರಗಬೇಡಿ. ಜಾಸ್ತಿ ಸುಧಾರಣೆ ಮೊದಲ ಮೂರು ತಿಂಗಳಲ್ಲಿ, ಆರು ತಿಂಗಳವರೆಗೆ ನಿಧಾನವಾಗಿ, ಆಮೇಲೂ ಸ್ವಲ್ಪ ಸ್ವಲ್ಪ ಆಗುತ್ತದೆ. ನೀವು ಹದದ ಒಳಗೇ ಇದ್ದೀರಿ.

'ಮನೆಯವರೇ ಕಲಿತು ಮಾಡಿಸಿದರೆ ಸಾಲದಾ?' ನಮ್ಮ ದೇಶದಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಭಾರತದ 14 ಆಸ್ಪತ್ರೆಗಳಲ್ಲಿ 'ಅಟೆಂಡ್' ಅನ್ನುವ ಅಧ್ಯಯನ ನಡೆದು 2017ರಲ್ಲಿ ಪ್ರಕಟವಾಯಿತು. ಅರ್ಧ ರೋಗಿಗಳಿಗೆ ಎಂದಿನ ಆರೈಕೆ. ಇನ್ನರ್ಧ ಮಂದಿಗೆ ಅದರ ಜೊತೆಗೆ ಮನೆಯವರಿಗೆ ತರಬೇತಿ ಕೊಟ್ಟು ಮನೆಯಲ್ಲೇ ಥೆರಪಿ. ಆರು ತಿಂಗಳಾದ ಮೇಲೆ ನೋಡಿದರೆ ಎರಡೂ ಗುಂಪಿನಲ್ಲಿ ಶೇಕಡಾ 47 ಮಂದಿ ತೀರಿಕೊಂಡಿದ್ದರು ಇಲ್ಲವೇ ಇನ್ನೊಬ್ಬರ ಮೇಲೆ ಅವಲಂಬಿಸಿದ್ದರು. ವ್ಯತ್ಯಾಸವೇ ಇಲ್ಲ. ಇದರಿಂದ ಮನೆಯವರು ಏನೂ ಮಾಡುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಹುಣ್ಣು, ಭುಜ, ಊಟ ಎಲ್ಲ ನಿಮ್ಮ ಹೆಂಡತಿಯ ಕೈಯಲ್ಲೇ ಇದೆ. ಆದರೆ ತರಬೇತಿ ಪಡೆದ ತಂಡದ ಕೆಲಸವನ್ನು ಮನೆಯವರ ತಲೆಗೆ ದಾಟಿಸಿ ಕೈ ತೊಳೆದುಕೊಳ್ಳುವಂತಿಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಹಾಗಾದರೆ ನಿಮ್ಮ ಮುಂದಿರುವ ದಾರಿ ಯಾವುವು?

ಈಗಿರುವ ಹಾಗೇ ಮನೆಯಲ್ಲಿ ಮುಂದುವರಿಸುವುದು ಒಂದು. ಖರ್ಚು ಕಮ್ಮಿ, ತಾಯಿಗೆ ತನ್ನ ಮನೆ, ತನ್ನ ಜನ. ಆದರೆ ಆ ಗಂಟು ಬಿಚ್ಚುವುದಿಲ್ಲ, ಹುಣ್ಣು ಎಲುಬಿಗೆ ಇಳಿದರೆ ಅಥವಾ ನ್ಯುಮೋನಿಯಾ ಆದರೆ ಹೇಗೂ ಆಸ್ಪತ್ರೆಯೇ. ಓಪಿಡಿಗೆ ಓಡಾಡುವುದು ಇನ್ನೊಂದು. ಮುಂಡರಗಿಯಿಂದ ಗದಗದ ಸರ್ಕಾರಿ ಆಸ್ಪತ್ರೆ ಜಿಮ್ಸ್ ಹತ್ತಿರ. ಆದರೆ ಅಂಗೈಯಷ್ಟು ಹುಣ್ಣಿಟ್ಟುಕೊಂಡು ವಾರಕ್ಕೆ ಮೂರು ಸಲ ಗಾಡಿಯಲ್ಲಿ ಕೂರಿಸಿ ಕರೆತರುವುದಕ್ಕೆ ನಾನು ಒಪ್ಪುವುದಿಲ್ಲ. ಹುಣ್ಣು ಮಾಯ್ದ ಮೇಲೆ ಅದೇ ಒಳ್ಳೆಯ ದಾರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೆ ಪ್ರತ್ಯೇಕ ವಿಭಾಗವೇ ಇದೆ. ಅದಕ್ಕೂ ಇದೇ ಮಾತು, ಈಗ ಅಷ್ಟು ದೂರದ ಪ್ರಯಾಣ ಬೇಡ.

ನನ್ನ ಅಭಿಪ್ರಾಯ ಕೇಳಿದರೆ, ಎರಡರಿಂದ ಮೂರು ವಾರದ ಅಡ್ಮಿಷನ್, ಆಮೇಲೆ ಮನೆ. ಒಂದು ತಿಂಗಳು ಅಂತ ಮೊದಲೇ ಗುತ್ತಿಗೆ ಕೊಡಬೇಡಿ. ಮೊದಲ ವಾರದಲ್ಲೇ ಗುರಿಗಳನ್ನು ಬರೆಸಿಕೊಳ್ಳಿ. 'ನಡೆಸುತ್ತೇವೆ' ಅನ್ನುವುದು ಗುರಿ ಅಲ್ಲ. ಅರ್ಧ ಗಂಟೆ ಆಸರೆ ಕೊಟ್ಟು ಕೂರುವುದು, ಮೂಗಿನ ಪೈಪು ತೆಗೆಯುವುದು ಅಥವಾ ತೆಗೆಯಲಾಗದಿದ್ದರೆ ಹೊಟ್ಟೆಗೆ ಹಾಕುವ ಪೈಪಿನ ಬಗ್ಗೆ ನಿರ್ಧಾರ, ಮೂತ್ರದ ಪೈಪು ತೆಗೆದು ಎರಡು ಮೂರು ಗಂಟೆಗೊಮ್ಮೆ ಕಮೋಡ್, ಹುಣ್ಣು ಕಿರಿದಾಗುವುದು, ಒಬ್ಬರೇ ಮಂಚದಿಂದ ವೀಲ್‌ಚೇರ್‌ಗೆ ದಾಟಿಸಲು ಬರುವುದು. ಇವೆಲ್ಲ ಅಳೆದು ನೋಡಬಹುದಾದ ಗುರಿ.

ಅಡ್ಮಿಷನ್‌ಗೂ ಅಪಾಯ ಇವೆ. ಆಸ್ಪತ್ರೆಯ ಸೋಂಕು ತಗಲಬಹುದು. ವಯಸ್ಸಾದವರು ಹೊಸ ಜಾಗದಲ್ಲಿ ರಾತ್ರಿ ಗಲಿಬಿಲಿಗೊಂಡು ಪೈಪು ಕಿತ್ತುಕೊಳ್ಳುವುದುಂಟು. ಜೊತೆಗಿರುವವರ ಕೂಲಿ, ಸಂಬಳ ಹೋಗುತ್ತದೆ. ತೀರಾ ದಣಿದವರು ಥೆರಪಿಯಲ್ಲಿ ಭಾಗವಹಿಸದೆ ಮಲಗಿಬಿಡುತ್ತಾರೆ. ಜ್ವರ ಇದ್ದರೆ, ಹುಣ್ಣು ಕಪ್ಪಾಗಿದ್ದರೆ, ವಾಸನೆ ಬರುತ್ತಿದ್ದರೆ, ಎಲುಬು ಕಾಣುತ್ತಿದ್ದರೆ ಥೆರಪಿ ಆಮೇಲೆ. ಮೊದಲು ಸರ್ಜನ್ ಹತ್ತಿರ ಹೋಗಿ ಸತ್ತ ಮಾಂಸ ತೆಗೆಸಬೇಕು.

ಜಾಗ ಆರಿಸುವುದು ಹೇಗೆ? ಹುಬ್ಬಳ್ಳಿಯಲ್ಲಿ ಜನ ಇನ್ನೂ ಕಿಮ್ಸ್ ಅಂತಲೇ ಕರೆಯುವ ಸರ್ಕಾರಿ ಆಸ್ಪತ್ರೆ, ಧಾರವಾಡದ ಸತ್ತೂರಿನ ಎಸ್‌ಡಿಎಂ ಇಂಥ ದೊಡ್ಡ ಕಡೆ ಒಂದೇ ಆವರಣದಲ್ಲಿ ಸರ್ಜನ್, ಫಿಸಿಷಿಯನ್, ಫಿಸಿಯೋಥೆರಪಿ ಸಿಗುತ್ತವೆ. ಹುಣ್ಣು, ಸಕ್ಕರೆ ಎರಡೂ ಇರುವ ನಿಮ್ಮ ತಾಯಿಗೆ ಇದು ಮುಖ್ಯ. 'ರಿಹ್ಯಾಬ್ ಸೆಂಟರ್' ಅಂತ ಬೋರ್ಡ್ ಹಾಕಿದ ಖಾಸಗಿ ಜಾಗಗಳಲ್ಲಿ ಒಳ್ಳೆಯವೂ ಇವೆ. ಬರೀ ಬೆಡ್ಡು, ಎರಡು ಮಷೀನು ಇಟ್ಟುಕೊಂಡವೂ ಇವೆ. ಹೋಗಿ ಕೇಳಿ: ದಿನಕ್ಕೆ ಎಷ್ಟು ಹೊತ್ತು ಥೆರಪಿ, ಅದರಲ್ಲಿ ಮಷೀನಿನದೆಷ್ಟು, ಥೆರಪಿಸ್ಟ್ ಕೈಯಾರೆ ಮಾಡಿಸುವುದೆಷ್ಟು? ನುಂಗುವುದನ್ನು ಯಾರು ಪರೀಕ್ಷಿಸುತ್ತಾರೆ? ರಾತ್ರಿ ಮಗ್ಗುಲು ಬದಲಿಸುವುದು ಯಾರು, ನರ್ಸಾ, ನೀವಾ? ರಾತ್ರಿ ಜ್ವರ ಬಂದರೆ ಡಾಕ್ಟರು ಎಲ್ಲಿರುತ್ತಾರೆ? ಬ್ರಿಟನ್ನಿನ 2023ರ ಮಾರ್ಗಸೂಚಿ ಪ್ರಕಾರ ಲಕ್ವಾ ಆದವರಿಗೆ ದಿನಕ್ಕೆ ಕನಿಷ್ಠ ಮೂರು ಗಂಟೆ, ವಾರಕ್ಕೆ ಐದು ದಿನ ಥೆರಪಿ ಸಿಗಬೇಕು. ನಮ್ಮ ಕಡೆ ಅಷ್ಟು ಸಿಗುವುದು ಅಪರೂಪ, ನಿಮ್ಮ ತಾಯಿ ಈಗ ಅಷ್ಟು ತಡೆದುಕೊಳ್ಳುವುದೂ ಇಲ್ಲ. ಆದರೆ ದಿನಕ್ಕೆ ಒಂದೇ ಸಲ ಮುಕ್ಕಾಲು ಗಂಟೆ ಅಂದರೆ, ಅದಕ್ಕೆ ಬೆಡ್ ಬಾಡಿಗೆ ಯಾಕೆ?

ದುಡ್ಡಿನ ವಿಷಯ. ಖಾಸಗಿ ಹೆಲ್ತ್ ಇನ್ಶೂರೆನ್ಸ್ ಇದ್ದರೆ ಪಾಲಿಸಿಯಲ್ಲಿ 'ರೆಸ್ಟ್ ಕ್ಯೂರ್, ರಿಹ್ಯಾಬಿಲಿಟೇಷನ್' ಅನ್ನುವ ಸಾಲು ಹುಡುಕಿ. ಬಹುತೇಕ ಪಾಲಿಸಿಗಳಲ್ಲಿ ಅದು ಹೊರಗಿಟ್ಟ ಖರ್ಚು. ಹುಣ್ಣಿನ ಆಪರೇಷನ್ನು, ಸೋಂಕಿನ ಚಿಕಿತ್ಸೆ ಬೇರೆ ಲೆಕ್ಕ, ಅವನ್ನು ಕ್ಲೇಮ್ ಮಾಡಬಹುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಇದರಲ್ಲಿ ನಿಮ್ಮ ಯಾವ ಯಾವ ಖರ್ಚು ಸೇರುತ್ತದೆ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಅಡ್ಮಿಟ್ ಆಗುವ ಮೊದಲೇ ಕೇಳಿ. ವೀಲ್‌ಚೇರ್, ಕಮೋಡ್ ಕುರ್ಚಿ ಕೊಳ್ಳುವ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಅಂಗವಿಕಲರ ಯುಡಿಐಡಿ ಕಾರ್ಡಿನ ಕೆಲಸವನ್ನೂ ಅವರೇ ತಿಳಿಸಿಕೊಡುತ್ತಾರೆ. ಲಕ್ವಾ ಆದವರ ಅಂಗವೈಕಲ್ಯದ ಅಳತೆಯನ್ನು ಸಾಮಾನ್ಯವಾಗಿ ಆರು ತಿಂಗಳ ಮೇಲೆ ಮಾಡುತ್ತಾರೆ, ಈಗಲೇ ಅವಸರ ಬೇಡ.

ಆಸ್ಪತ್ರೆಯಲ್ಲಿರುವಾಗಲೇ ಮನೆಯ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದು ಥೆರಪಿಸ್ಟ್‌ಗೆ ತೋರಿಸಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಪಡಸಾಲೆ ಒಂದು ಎತ್ತರ, ಅಡುಗೆಮನೆ ಇನ್ನೊಂದು ಎತ್ತರ, ನಡುವೆ ಹೊಸ್ತಿಲು, ಪಾಯಖಾನೆ ಹಿತ್ತಲಲ್ಲಿ. ಆಸ್ಪತ್ರೆಯ ನುಣುಪು ನೆಲದ ಮೇಲೆ ಕಲಿತ ವೀಲ್‌ಚೇರ್ ಅಲ್ಲಿ ಹೊಸ್ತಿಲಿಗೇ ನಿಂತುಬಿಡುತ್ತದೆ. ಮಂಚದ ಎತ್ತರವೂ ವೀಲ್‌ಚೇರ್ ಸೀಟಿನ ಎತ್ತರವೂ ಒಂದೇ ಇರಬೇಕು, ಅಳೆದುಕೊಂಡು ಹೋಗಿ. ಪಡಸಾಲೆಯಲ್ಲೇ ಪರದೆ ಕಟ್ಟಿ ಕಮೋಡ್ ಕುರ್ಚಿ ಇಡುವುದಕ್ಕೆ ಮುಜುಗರ ಬೇಡ.

ಮಾತಿನ ಬಗ್ಗೆ ಒಂದೆರಡು ಮಾತು. ಹೆಚ್ಚಿನವರಿಗೆ ಮಾತಿನ ಜಾಗ ಇರುವುದು ಎಡ ಮೆದುಳಿನಲ್ಲಿ, ಬಲಗಡೆ ಲಕ್ವಾ ಆದಾಗ ಮಾತೂ ಹೋಗುವುದು ಅದಕ್ಕೇ. ಬುದ್ಧಿ ಹೋಗಿದೆ ಅಂತಲ್ಲ. ಅವರ ಎದುರಿಗೇ 'ಇನ್ನೇನು ಉಳಿದಿದೆ' ಅಂತ ಮಾತಾಡುವ ನೆಂಟರನ್ನು ಹೊರಗೆ ಕರೆದುಕೊಂಡು ಹೋಗಿ. ಚಿಕ್ಕ ವಾಕ್ಯದಲ್ಲಿ, 'ಹೌದು-ಅಲ್ಲ' ಅನ್ನುವಂಥ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ. ಲಕ್ವಾ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಭುಜ ಮುಟ್ಟದಿದ್ದರೂ ಅಳುತ್ತಿದ್ದರೆ, ಥೆರಪಿಗೆ ಮುಖ ತಿರುಗಿಸಿದರೆ ಅದನ್ನು ಹಟ ಅನ್ನಬೇಡಿ, ಡಾಕ್ಟರಿಗೆ ತಿಳಿಸಿ. ಅದಕ್ಕೆ ಔಷಧ ಇದೆ.

ನಿಮ್ಮ ಹೆಂಡತಿಯ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಎರಡು ಗಂಟೆಗೊಮ್ಮೆ ಮಗ್ಗುಲು ಅಂದರೆ ರಾತ್ರಿಯೂ ನಾಲ್ಕು ಸಲ ಏಳಬೇಕು. ಒಬ್ಬರೇ ಇದನ್ನು ತಿಂಗಳುಗಟ್ಟಲೆ ಮಾಡಿದರೆ ಅವರ ಸೊಂಟವೂ ಬೀಳುತ್ತದೆ. ವಾರ್ಡಿನಲ್ಲಿ ತರಬೇತಿ ಕೊಡುವಾಗ ಅವರೊಬ್ಬರನ್ನೇ ಕಳಿಸಬೇಡಿ. ನೀವು, ನಿಮ್ಮ ತಮ್ಮ ಇಬ್ಬರೂ ನಿಂತು ಕಲಿಯಿರಿ. ಅಡ್ಮಿಟ್ ಮಾಡಿಸೋಣ ಅಂದ ತಮ್ಮನಿಗೆ ರಾತ್ರಿ ಹನ್ನೊಂದರ ಮಗ್ಗುಲನ್ನೂ ಒಪ್ಪಿಸಿ.

ಕೊನೆಗೆ ನಿಮ್ಮ ಮೊದಲ ಪ್ರಶ್ನೆ, ನಡೀತಾರಾ? ಪತ್ರ ನೋಡಿ ಹೇಳಲಾಗದು, ಮೈ ನೋಡಿ ಅಂದಾಜು ಮಾಡಬಹುದು. ನಾನು ನೋಡುವುದು ಎರಡು: ಆಸರೆ ಬಿಟ್ಟು ಅರ್ಧ ನಿಮಿಷ ಕೂರುತ್ತಾರಾ, ಮತ್ತು ಸೋತ ಕಾಲಿನ ಸೊಂಟ, ಮೊಣಕಾಲನ್ನು ಸ್ವಲ್ಪವಾದರೂ ತಾವೇ ಅಲುಗಿಸುತ್ತಾರಾ. ಎರಡೂ ಇದ್ದರೆ ಕೋಲು ಹಿಡಿದು ಮನೆಯೊಳಗೆ ಓಡಾಡುವ ಆಸೆ ಇಟ್ಟುಕೊಳ್ಳಬಹುದು. ಎರಡೂ ಇಲ್ಲದಿದ್ದರೆ ಮೂರು ವಾರದ ಅಡ್ಮಿಷನ್ನಿನಲ್ಲಿ ಯಾರೂ ನಡೆಸಲಾರರು. ನಡೆಸುತ್ತೇವೆ ಅಂತ ಗ್ಯಾರಂಟಿ ಕೊಟ್ಟವರ ಹತ್ತಿರ ಅಡ್ವಾನ್ಸ್ ಕಟ್ಟಬೇಡಿ. ಕೈ ಸುಧಾರಿಸುವುದು ಸಾಮಾನ್ಯವಾಗಿ ಕಾಲಿಗಿಂತ ನಿಧಾನ.

ಅಡ್ಮಿಟ್ ಆದರೆ ಎರಡನೇ ವಾರದ ಕೊನೆಗೆ ತಂಡದವರನ್ನು ಕೂರಿಸಿಕೊಂಡು ಬರೆದ ಗುರಿಗಳ ಹಾಳೆ ಮುಂದಿಟ್ಟು ಕೇಳಿ: ಇದರಲ್ಲಿ ಯಾವುದಾಯಿತು, ಯಾವುದು ಆಗುತ್ತಿದೆ, ಯಾವುದು ಆಗುವುದಿಲ್ಲ? ಏನಾದರೂ ಮುಂದೆ ಹೋಗಿದ್ದರೆ ಇನ್ನೊಂದು ವಾರ ಇರಿ. ಏನೂ ಆಗಿರದಿದ್ದರೆ, ಮಗ್ಗುಲು ಬದಲಿಸುವುದು, ಊಟ ಹಾಕುವುದು, ವೀಲ್‌ಚೇರ್‌ಗೆ ದಾಟಿಸುವುದು ಮೂರನ್ನೂ ಕಲಿತುಕೊಂಡು ಮನೆಗೆ ಕರೆದುಕೊಂಡು ಹೋಗಿ. ಮನೆಯ ಫಿಸಿಯೋವನ್ನು ವಾರಕ್ಕೆ ಐದು ದಿನ ಮಾಡಿಸಿ, ಒಂದು ತಿಂಗಳು ಬಿಟ್ಟು ಮತ್ತೆ ತೋರಿಸಿ. ಈ ನಡುವೆ ಜ್ವರ, ಉಸಿರಾಟದಲ್ಲಿ ಗೊರಗೊರ ಸದ್ದು, ಒಂದೇ ಕಾಲಿನ ಬಾವು, ಹೊಸದಾಗಿ ಮಂಪರು ಇವುಗಳಲ್ಲಿ ಯಾವುದು ಕಂಡರೂ ಅಪಾಯಿಂಟ್‌ಮೆಂಟಿಗೆ ಕಾಯದೆ 108ಕ್ಕೆ ಫೋನ್ ಮಾಡಿ.